ಎರವಲು ಕೊಟ್ಟ ಚೌರಿ

ಹೇನಿನ ಕತೆ ಹೇಳುವುದೆಂದರೆ ಯಾರಿಗಾದರೂ ಮುಜುಗರವೇ. ಉಣ್ಣುವ ಹೊತ್ತಿನಲ್ಲಿ ಇದನ್ನು ಕೈಗೆತ್ತಿಕೊಂಡವರು ದಯವಿಟ್ಟು ಪಕ್ಕಕ್ಕಿಟ್ಟು, ಕೈ ತೊಳೆದ ಮೇಲೆ ಓದಬೇಕು. ದೊಡ್ಡ ದುಃಖ, ದೊಡ್ಡ ತ್ಯಾಗಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿರುವುದು ಎಳ್ಳಿನಷ್ಟು ಹುಳುವಿನ ದೆಸೆಯಿಂದ ಒಬ್ಬ ಹೆಂಗಸು ತಲೆ ತಗ್ಗಿಸಿದ ಸಂಗತಿ, ಅಷ್ಟೇ. ಹೇಳಬಹುದೋ ಬಾರದೋ ಎಂದು ಹಿಂದೆ ಮುಂದೆ ನೋಡಿದ್ದಾಯಿತು. ಹೇಳಿದ್ದು ಹೆಚ್ಚಾದರೆ ಮನ್ನಿಸಬೇಕು.

ಮೈಸೂರು ರಾಜ್ಯ ದೊಡ್ಡದಾಗಿ ಎರಡು ಮೂರು ವರ್ಷವಾಗಿತ್ತು. ದಾವಣಗೆರೆ ಹತ್ತಿ ಗಿರಣಿಗಳ ಕೂಗಿಗೆ ಎದ್ದು, ಕೂಗಿಗೇ ಮಲಗುತ್ತಿದ್ದ ಕಾಲ. ಗಿರಣಿಯೊಂದರ ಹಿಂದಿನ ವಠಾರದಲ್ಲಿ ಉಡಚಮ್ಮ ಎಂಬಾಕೆ ಇದ್ದಳು. ಗಂಡ ಕುಬೇರಪ್ಪ ನೂಲಿನ ಖಾತೆಯಲ್ಲಿ ಕೆಲಸಗಾರ. ಒಬ್ಬಳೇ ಮಗಳು ಹಾಲಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಉಡಚಮ್ಮ ಮದುವೆಯಾದ ಮೇಲೆ ಸಂಜೆ ಪಾಠಕ್ಕೆ ಹೋಗಿ ಅಕ್ಷರ ಕಲಿತವಳು. ಉಗುರು ಕತ್ತರಿಸುವುದು, ನೀರು ಕಾಯಿಸಿ ಕುಡಿಯುವುದು, ಹಾಸಿಗೆ ಬಿಸಿಲಿಗೆ ಹಾಕುವುದು ಎಲ್ಲವೂ ಅಲ್ಲಿ ಪಾಠವಾಗಿತ್ತು. ಪಾಠದಲ್ಲಿದ್ದುದನ್ನೆಲ್ಲ ಆಕೆ ಮನೆಯಲ್ಲಿ ಚಾಚೂ ತಪ್ಪದೆ ಮಾಡುತ್ತಿದ್ದಳು. ಮಾಡಿದ ಮೇಲೂ ಸರಿಯಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡುತ್ತಿದ್ದಳು. ಆಕೆಗೆ ಅನುಮಾನವೇ ಇಲ್ಲದೆ ಬರುತ್ತಿದ್ದ ವಿದ್ಯೆ ಒಂದೇ, ಜಡೆ ಹಾಕುವುದು. ವಠಾರದ ಯಾವ ಮನೆಯಲ್ಲಿ ಶುಭಕಾರ್ಯವಾದರೂ ಹೆಣ್ಣುಮಕ್ಕಳ ಜಡೆ ಉಡಚಮ್ಮನ ಕೈಯಿಂದಲೇ ಆಗಬೇಕು.

ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಕೋಲಾಟ ಗೊತ್ತುಮಾಡಿದರು. ಕೋಲು ಹಾಕಿ ತಿರುಗುವಾಗ ಎಲ್ಲರ ಜಡೆಯೂ ಸೊಂಟದ ಕೆಳಗೆ ಒಂದೇ ಸಮ ಆಡಬೇಕೆಂದು ಕಲಿಸುವ ಟೀಚರ್ ಆಸೆಪಟ್ಟರು. ಆದರೆ ಬಹಳ ಹುಡುಗಿಯರ ಕೂದಲು ಹೆಗಲು ಮುಟ್ಟುವುದೇ ಕಷ್ಟ. ಆಗ ಉಡಚಮ್ಮ ತನ್ನ ಚೌರಿ ತೆಗೆದಳು. ಅದು ಆಕೆಯ ತವರು ಹರಿಹರದಿಂದ ಬಂದದ್ದು. ತಾಯಿ ಬಾಚಿದಾಗ ಉದುರಿದ ಕೂದಲನ್ನು ವರ್ಷಗಟ್ಟಲೆ ಗೋಡೆಯ ಗೂಡಿನಲ್ಲಿ ಕೂಡಿಸಿಟ್ಟು, ಚೌರಿ ಕಟ್ಟುವವಳಿಂದ ಕಟ್ಟಿಸಿದ್ದು. ಕರಿ ಹಾವಿನಂತೆ ದಪ್ಪಗಿತ್ತು. ಉಡಚಮ್ಮ ಅದರ ಬುಡದ ದಾರ ಬಿಚ್ಚಿ, ಸಣ್ಣ ಸಣ್ಣ ಕುಚ್ಚುಗಳಾಗಿ ಮಾಡಿ, ಕೂದಲು ಕಡಿಮೆಯಿದ್ದ ಹುಡುಗಿಯರಿಗೆಲ್ಲ ಒಂದೊಂದು ಸೇರಿಸಿ ಹೆಣೆದಳು. ಅದೇ ವಠಾರದ ತಿಮ್ಮವ್ವನ ಮಗಳು ಮರಿಯವ್ವನಿಗೆ ಮಾತ್ರ ಸೇರಿಸುವುದು ಬೇಕಿರಲಿಲ್ಲ. ಆ ಹುಡುಗಿಗೆ ಸ್ವಂತದ್ದೇ ಮೊಣಕಾಲಿನ ಹತ್ತಿರ ಬರುವಷ್ಟು ಕೂದಲಿತ್ತು. ತಾಯಿ ಕುಕ್ಕುವಾಡದಿಂದ ಬಂದು, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಹತ್ತಿ ಆರಿಸುವವಳು. ಮಗಳ ತಲೆ ಬಾಚಲು ಆಕೆಗೆ ಭಾನುವಾರವೇ ಆಗಬೇಕು.

ದಿನವೂ ಸಂಜೆ ಅಭ್ಯಾಸ. ಅಭ್ಯಾಸ ಮುಗಿದೊಡನೆ ಉಡಚಮ್ಮ ಕುಚ್ಚುಗಳನ್ನೆಲ್ಲ ಬಿಚ್ಚಿ, ಒಟ್ಟಿಗೇ ಹಿಡಿದು ಬಾಚಿ, ಎಣ್ಣೆ ಸವರಿ, ಒಂದೇ ತಗಡಿನ ಡಬ್ಬಿಯಲ್ಲಿಡುತ್ತಿದ್ದಳು. ಮಾರನೆಯ ದಿನ ಕೈಗೆ ಸಿಕ್ಕಿದ್ದು ಸಿಕ್ಕಿದವರಿಗೆ. ಚೌರಿಯನ್ನು ತೊಳೆದರೆ ಸಿಕ್ಕುಗಟ್ಟುತ್ತದೆಂದು ತಾಯಿ ಹೇಳಿದ್ದರಿಂದ ಅದಕ್ಕೆ ನೀರು ತೋರಿಸುವ ಪದ್ಧತಿಯೇ ಇರಲಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಉಡಚಮ್ಮನಿಗೆ ಚೌರಿಯ ವಿಷಯದಲ್ಲಿ ಸಂಜೆ ಪಾಠ ನೆನಪಾಗಲಿಲ್ಲ. ಅದು ಅವ್ವನ ವಸ್ತು, ಪಾಠಕ್ಕೆ ಸೇರಿದ್ದಲ್ಲ.

ಕೋಲಾಟ ಚೆನ್ನಾಯಿತು. ಕೆ.ಬಿ. ಬಡಾವಣೆಯಿಂದ ಬಂದಿದ್ದ ದೊಡ್ಡ ಮನೆಯ ಹೆಂಗಸರೂ ಜಡೆ ಹಾಕಿದವರು ಯಾರೆಂದು ಕೇಳಿದರಂತೆ. ಆ ಮಾತಿನ ಸಂತೋಷ ಆರುವ ಮೊದಲೇ ನಾಲ್ಕನೇ ಕ್ಲಾಸಿನ ಹುಡುಗಿಯರು ತಲೆ ಕೆರೆದುಕೊಳ್ಳಲು ಶುರುಮಾಡಿದರು. ಆಮೇಲೆ ಅವರ ತಂಗಿಯರು, ತಮ್ಮಂದಿರು, ತಾಯಂದಿರು. ಮನೆಮನೆಯಲ್ಲೂ ಸೀಮೆಎಣ್ಣೆಯ ವಾಸನೆ, ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು ಸೀರು ಎಳೆಯುವ ಸಾಲು. ಯಾರೋ ಸೀತಾಫಲದ ಬೀಜ ಅರೆದು ಹಚ್ಚಿ ಮಗುವಿನ ಕಣ್ಣು ಕೆಂಪಾಗಿಸಿದರು. ಹೆಡ್ಮಾಸ್ತರ್ ಬಕ್ಕೇಶಪ್ಪನವರು ಮೆದುಮಾತಿನವರು. ಅವರೂ ಕೊನೆಗೆ, ಹೇನು ಕಂಡ ಮಕ್ಕಳನ್ನು ತಲೆ ಚೊಕ್ಕಟವಾಗುವ ತನಕ ಕಳಿಸಬೇಡಿರೆಂದು ಹೇಳಿ ಕಳಿಸಿದರು.

ವಠಾರದ ನಲ್ಲಿಯ ಹತ್ತಿರ ಕೊಟ್ರವ್ವನಿಗೆ ಬಾಯಿ ಹೆಚ್ಚು. ತನ್ನ ಮಗಳ ತಲೆಯಲ್ಲಿ ಸೋಮವಾರದ ಸಂತೆಯೇ ಕೂಡಿದೆ, ವ್ಯಾಪಾರವೊಂದು ಬಾಕಿ ಎಂದು ಎಲ್ಲರನ್ನೂ ನಗಿಸಿದಳು. ಆಮೇಲೆ ಕೊಡ ಎತ್ತುತ್ತಿದ್ದ ಉಡಚಮ್ಮನ ಕಡೆ ತಿರುಗಿದಳು.

“ಎಲ್ಲಾರ ತಲಿ ಮ್ಯಾಲೂ ಆಡಿದ್ದು ನಿನ್ನ ಕೈ ಉಡಚವ್ವ. ನಿನಗ ಗೊತ್ತಿಲ್ಲದ್ದು ಇನ್ಯಾರಿಗೆ ಗೊತ್ತಿರ್ತೈತೆ? ಯಾರ ತಲ್ಯಾಗ ಇದ್ವು?”

ಎಲ್ಲರೂ ನೋಡಿದರು. ಆ ನೋಟ ತನ್ನ ಕೈಯ ಮೇಲೇ ಬಿದ್ದಿದೆ ಎಂದು ಉಡಚಮ್ಮನಿಗೆ ಅನ್ನಿಸಿತು. ಕೈಯನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಮರಿಯವ್ವನ ಜಡೆ ಹೆಣೆಯುವಾಗ ಒಂದು ದಿನ ಕಿವಿಯ ಹಿಂದೆ ಕಾಳಿನಂಥದೇನೋ ಬೆರಳಿಗೆ ತಾಗಿತ್ತು. ಹೇನೋ, ಜಿನ್ನಿನ ಹತ್ತಿಬೀಜದ ಚೂರೋ, ಬಗ್ಗಿ ನೋಡಿರಲಿಲ್ಲ. ತಿಮ್ಮವ್ವ ನಸುಕಿಗೇ ಕೆಲಸಕ್ಕೆ ಹೋಗುವವಳು. ನಲ್ಲಿಯ ಹತ್ತಿರ ಇರಲಿಲ್ಲ.

“ತಿಮ್ಮವ್ವನ ಮಗಳ ತಲ್ಯಾಗ ಏನೋ ಕೈಗೆ ಹತ್ತಿದಂಗಾತು,” ಎಂದಳು.

ಅಷ್ಟೇ ಅಂದದ್ದು. ಮಧ್ಯಾಹ್ನದ ಹೊತ್ತಿಗೆ ಅದು ಉಡಚಮ್ಮ ಕಣ್ಣಾರೆ ಕಂಡಳಂತೆ ಎಂದಾಯಿತು. ಸಂಜೆಗೆ ಹಿಡಿಹಿಡಿ ಉದುರಿದವಂತೆ ಎಂದಾಯಿತು. ಮರಿಯವ್ವನನ್ನು ಶಾಲೆಯ ಬಾಗಿಲ ಪಕ್ಕ ಬೇರೆ ಕೂರಿಸಿದರು ಎಂದೂ, ಹುಡುಗಿಯರು ಆಕೆ ಬಂದರೆ ಲಂಗ ಮುದುಡಿಕೊಂಡು ಸರಿಯುವ ಆಟ ಕಲಿತಿದ್ದಾರೆ ಎಂದೂ ಹಾಲಮ್ಮ ಮನೆಗೆ ಬಂದು ಹೇಳಿದಳು. ಹೇಳುತ್ತ ತಾನೂ ಆಡಿ ತೋರಿಸಿದಳು. ಉಡಚಮ್ಮ ಬೈಯಲು ಬಾಯಿ ತೆರೆದವಳು ಒಲೆಯ ಕಡೆ ತಿರುಗಿದಳು.

ಮಾರನೆಯ ದಿನ ಡಬ್ಬಿ ತೆಗೆದು ಕುಚ್ಚುಗಳನ್ನು ಮತ್ತೆ ಒಂದು ಚೌರಿ ಮಾಡೋಣವೆಂದು ಬಾಗಿಲ ಬೆಳಕಿಗೆ ಹಿಡಿದಾಗ ಆಕೆಗೆ ಕಂಡಿತು. ಕೂದಲ ಎಳೆಎಳೆಗೂ ಬಿಳಿ ಸೀರು ಅಂಟಿಕೊಂಡಿತ್ತು, ನುಚ್ಚು ಚೆಲ್ಲಿದ ಹಾಗೆ. ಒಂದು ಕುಚ್ಚಿನಲ್ಲಲ್ಲ, ಎಲ್ಲದರಲ್ಲೂ. ಉಡಚಮ್ಮ ಹೊಸಿಲ ಮೇಲೇ ಕುಳಿತುಬಿಟ್ಟಳು. ಮೊದಲು ಯಾರು ಯಾರ ಮನೆಯಲ್ಲಿ ಹೇನು ಕಂಡಿತು ಎಂದು ನೆನಪುಮಾಡಿಕೊಂಡಳು. ಎಲ್ಲರೂ ಕುಚ್ಚು ಮುಡಿದವರೇ. ಮರಿಯವ್ವನೊಬ್ಬಳೇ ಮುಡಿಯದವಳು. ಆ ಹುಡುಗಿಗೆ ತಾಗಿದ್ದಿದ್ದರೆ ತನ್ನ ಹಣಿಗೆಯಿಂದಲೇ ತಾಗಿರಬೇಕು. ಮನೆಮನೆಗೆ ತಾನೇ ಹಂಚಿ, ದಿನವೂ ಒಟ್ಟುಗೂಡಿಸಿ, ಮತ್ತೆ ಹಂಚಿದ್ದಳು. ತಲೆ ಬಾಚಿಸಿಕೊಂಡ ಮಕ್ಕಳು ಹೋಗುವಾಗ ಕಾಲಿಗೆ ಬಿದ್ದು ಹೋಗಿದ್ದವು ಬೇರೆ.

ಚೌರಿಯನ್ನು ಸುಟ್ಟುಬಿಡೋಣವೆಂದರೆ ಕೂದಲು ಸುಟ್ಟ ವಾಸನೆ ಇಡೀ ವಠಾರಕ್ಕೆ ಸುದ್ದಿ ಹೇಳುತ್ತದೆ. ಎಸೆದರೆ ಯಾರಾದರೂ ಮಾಟಕ್ಕೆ ಎತ್ತಿಕೊಂಡಾರೆಂಬ ಭಯ. ಹಳೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಸೌದೆಯ ಹಿಂದೆ ತುರುಕಿದಳು. ಗಂಡನಿಗೆ ಹೇಳಲಿಲ್ಲ. ನಲ್ಲಿಗೆ ಹೋದಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುವುದು, ಕೊಟ್ರವ್ವನ ಮುಖ ಕಂಡರೆ ಕೊಡ ತುಂಬಿಸಿಕೊಂಡು ಬಂದುಬಿಡುವುದು.

ಹೀಗಿರುವಾಗ ಒಂದು ಸಂಜೆ ತಿಮ್ಮವ್ವ ತಾನಾಗಿಯೇ ಬಾಗಿಲಿಗೆ ಬಂದಳು. ಸೆರಗಿನ ತುಂಬ ಹತ್ತಿಯ ಎಳೆ. ಮಗಳದು ಹಳೆಯ ಹರಕೆಯೊಂದಿದೆ, ಸೋಮವಾರ ಹರಿಹರದ ಹೊಳೆದಂಡೆಯಲ್ಲಿ ಮುಡಿ ಕೊಡುತ್ತೇವೆ, ಕಡೆಯ ಸಲ ಜಡೆ ಹಾಕಿದ ಕೈ ನಿನ್ನದು, ನೀನೂ ಬರಬೇಕು ಎಂದಳು. ಒಳಗೆ ಕೂರು ಎಂದರೆ ಕೂರಲಿಲ್ಲ. ಪಾಪ, ಈಕೆಗೆ ಏನೂ ಗೊತ್ತಿಲ್ಲ ಎಂದುಕೊಂಡ ಉಡಚಮ್ಮನಿಗೆ ಇಲ್ಲವೆನ್ನುವ ಧೈರ್ಯ ಬರಲಿಲ್ಲ. ಸೋಮವಾರ ಹೊರಡುವಾಗ ಸೌದೆಯ ಹಿಂದಿನ ಗಂಟನ್ನು ಚೀಲಕ್ಕೆ ಹಾಕಿಕೊಂಡಳು. ಹೊಳೆಗೆ ಬಿಟ್ಟರೆ ಪೀಡೆ ಕಳೆಯುತ್ತದೆ, ಹೇಳುವ ಮಾತೂ ಹೊಳೆಯ ಹತ್ತಿರ ಬಾಯಿಗೆ ಬರಬಹುದು.

ಪ್ಯಾಸೆಂಜರ್ ಗಾಡಿಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕುಳಿತರು. ಮರಿಯವ್ವ ಕಿಟಕಿಯ ಪಕ್ಕ, ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಉಡಚಮ್ಮ ಬೆಲ್ಲ ಪುಠಾಣಿ ಕೊಟ್ಟರೆ ತೆಗೆದುಕೊಂಡಳು, ತಿನ್ನಲಿಲ್ಲ. ಗಾಡಿ ದೂರವೇನಲ್ಲ. ಮಾತು ಆರಿಸಿಕೊಳ್ಳುವಷ್ಟರಲ್ಲಿ ಹರಿಹರ ಬಂದುಬಿಟ್ಟಿತು.

ತುಂಗಭದ್ರೆಯಲ್ಲಿ ನೀರು ಇಳಿದಿತ್ತು. ಕ್ಷೌರದ ದುರುಗಣ್ಣ ಹುಡುಗಿಯನ್ನು ಕಲ್ಲಿನ ಮೇಲೆ ಕೂರಿಸಿ, ಜಡೆ ಬಿಚ್ಚಿಸಿ, ನೀರು ಚಿಮುಕಿಸಿದ. ಇಷ್ಟು ಕೂದಲಿಗೆ ತನ್ನ ಕತ್ತಿ ಎರಡು ಸಲ ಮಸೆಯಬೇಕಾಗುತ್ತದೆ, ದೇವರು ಪುಣ್ಯವಂತ ಎಂದು ತಮಾಷೆ ಮಾಡಿದ. ಅವನು ನೆತ್ತಿಯಿಂದ ಹಣೆಗೆ ಒಂದು ಸಲ ಕತ್ತಿ ಎಳೆದ. ಕಪ್ಪು ಕೂದಲ ನಡುವೆ ಬಿಳಿ ದಾರಿಯೊಂದು ಬಿದ್ದಿತು. ಅದನ್ನು ಕಂಡದ್ದೇ ಉಡಚಮ್ಮ ಬಾಯಿಬಿಟ್ಟಳು. ಚೀಲದಿಂದ ಗಂಟು ತೆಗೆದು ತಿಮ್ಮವ್ವನ ಮುಂದೆ ಬಿಚ್ಚಿದಳು.

“ಇದರಾಗ ಇದ್ವು ತಿಮ್ಮವ್ವ. ನನ್ನ ಚೌರ್ಯಾಗ. ನಿನ್ನ ಮಗಳ ತಲ್ಯಾಗ ನಾನು ಕಂಡಿಲ್ಲ. ಸುಮ್ನೆ ಅಂದೆ.”

ತಿಮ್ಮವ್ವ ಚೌರಿಯನ್ನು ನೋಡಿದಳು. ಮುಟ್ಟಲಿಲ್ಲ. ದುರುಗಣ್ಣನ ಕತ್ತಿ ಗಾಳಿಯಲ್ಲೇ ನಿಂತಿತು.

“ಈಗ ಹೇಳ್ತೀಯಲ್ಲ,” ಎಂದಳು ತಿಮ್ಮವ್ವ. “ಹಿಂಗ ಅರ್ಧ ಬಿಟ್ಟು ಕರ್ಕೊಂಡು ಹೋಗ್ಲಾ? ನೀ ಮಾಡಪ್ಪ ದುರುಗಣ್ಣ.”

ಕತ್ತಿ ಮತ್ತೆ ಆಡಿತು. ತಿಮ್ಮವ್ವ ಮಗಳ ಭುಜ ಹಿಡಿದುಕೊಂಡು, ಮುಖ ಎತ್ತದೆ, ಮೆಲ್ಲಗೆ ಮಾತಾಡಿದಳು. ಹರಕೆ ಯಾವುದೂ ಇರಲಿಲ್ಲ. ಮಗಳ ತಲೆಯಲ್ಲಿ ಈಗ ಹೇನು ಇರುವುದು ನಿಜ. ಹೊತ್ತು ಹುಟ್ಟುವ ಮೊದಲು ಕೆಲಸಕ್ಕೆ ಹೋಗುವ ತನಗೆ ಇಷ್ಟು ಉದ್ದ ಕೂದಲಿನಲ್ಲಿ ಸೀರು ಎಳೆಯುತ್ತ ಕೂರಲು ಆಗುವುದಿಲ್ಲ. ಬೋಳಿಸಲೇಬೇಕಿತ್ತು.

“ಹೇನಿಗೆ ಬೋಳಿಸಿದ್ದು ಅಂದ್ರ ಇಕಿ ಮತ್ತ ಸಾಲಿ ಮೆಟ್ಲು ಹತ್ತಂಗಿಲ್ಲ. ದೇವರಿಗೆ ಕೊಟ್ಟಿದ್ದು ಅಂದ್ರ ಯಾರೂ ನಗಂಗಿಲ್ಲ. ಆದ್ರ ನನ್ನ ಮಾತು ಯಾರ್ ನಂಬ್ತಾರ? ಅದಕ್ಕ ನಿನ್ನ ಕರ್ಕೊಂಡು ಬಂದೆ. ನೀ ನಲ್ಲಿ ತಾವ ಅಂದಿದ್ದು ನನಗ ಅವತ್ತೇ ಗೊತ್ತಾತು.”

ಉಡಚಮ್ಮ ತಪ್ಪಾಯಿತು ಅಂದಳು. ಕಣ್ಣೀರು ಬಂತು. ಅದಕ್ಕೆ ತಿಮ್ಮವ್ವ ಸಿಟ್ಟೂ ಆಗಲಿಲ್ಲ, ಕರಗಲೂ ಇಲ್ಲ.

“ಇಲ್ಲಿ ಅತ್ತರ ಹೊಳಿ ಕೇಳ್ತೈತೇನು? ನಲ್ಲಿ ತಾವ ಹೇಳು. ಹರಕಿ ಇತ್ತು ಅಂತ್ಲೂ ಹೇಳು. ಎರಡೂ ಹೇಳ್ಬೇಕು.”

ಬೋಳಾದ ತಲೆಗೆ ದುರುಗಣ್ಣ ಗಂಧ ಬಳಿದ. ಮರಿಯವ್ವ ಬೆರಳಿನಿಂದ ಒಂದು ಸಲ ಮುಟ್ಟಿ ನೋಡಿಕೊಂಡು ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಕೂದಲನ್ನೂ ಚೌರಿಯನ್ನೂ ಒಟ್ಟಿಗೇ ಹೊಳೆಗೆ ಬಿಟ್ಟರು.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಹೋಗುವಾಗ ಉಡಚಮ್ಮ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಅರ್ಧ ಸತ್ಯವನ್ನು ನಿಜವೆಂದು ಒಮ್ಮೆ ಹೇಳಿ ಕೆಟ್ಟಿದ್ದಾಯಿತು. ಈಗ ಪೂರ್ತಿ ನಿಜವೊಂದನ್ನೂ ಪೂರ್ತಿ ಸುಳ್ಳೊಂದನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ದೇವರ ಹೆಸರಿನ ಸುಳ್ಳು ಬೇರೆ. ಸಂಜೆ ಪಾಠದ ಪುಸ್ತಕದಲ್ಲಿ ಇದಕ್ಕೆ ಪಾಠವಿರಲಿಲ್ಲ. ನೀರು ಬಂದು, ಸರದಿ ನಿಂತು, ಕೊಟ್ರವ್ವನೂ ಬಂದ ಮೇಲೆ ಆಕೆ ಕೊಡ ಕೆಳಗಿಟ್ಟಳು. ಹೇನು ಹರಡಿದ್ದು ತನ್ನ ಚೌರಿಯಿಂದ, ಮರಿಯವ್ವ ಅದನ್ನು ಮುಡಿದೇ ಇರಲಿಲ್ಲ, ಆ ಹುಡುಗಿಯ ತಲೆಯಲ್ಲಿ ತಾನು ಏನೂ ಕಂಡಿರಲಿಲ್ಲ, ಆಕೆ ಮುಡಿ ಕೊಟ್ಟದ್ದು ಹರಕೆಗೆ ಎಂದು ಒಂದೇ ಸಮ ಹೇಳಿದಳು.

ಕೊಟ್ರವ್ವ ಆಕೆಯನ್ನು ಅಳೆಯುವ ಹಾಗೆ ನೋಡಿದಳು.

“ಹರಕಿನೂ ನಿಜಾನಾ?”

“ನಿಜ. ಹೊಳಿ ದಂಡಿ ಮ್ಯಾಲೆ ನಾನೇ ಮುಂದೆ ಕುಂತಿದ್ದೆ,” ಎಂದಳು ಉಡಚಮ್ಮ.

ಸಂಜೆಯೊಳಗೆ ಈ ಮಾತೂ ಬೆಳೆಯಿತು. ಉಡಚಮ್ಮ ಗೊತ್ತಿದ್ದೂ ಹಂಚಿದಳಂತೆ ಎಂದವರುಂಟು. ಹಾಲಮ್ಮನ ಪಕ್ಕ ಕೂರಬೇಡ ಎಂದು ಕೊಟ್ರವ್ವ ಮಗಳಿಗೆ ಹೇಳಿದಳು. ಕುಬೇರಪ್ಪ, ನನಗಾದರೂ ಮೊದಲು ಹೇಳಬಾರದಿತ್ತಾ ಎಂದಷ್ಟೇ ಕೇಳಿ, ಅಂದು ಹೊರಗೆ ಜಗುಲಿಯಲ್ಲಿ ಕುಳಿತು ಉಂಡ. ಜಡೆಗೆಂದು ಯಾರೂ ಬರುವುದು ನಿಂತಿತು. ಬರಲಿ ಎಂದು ಉಡಚಮ್ಮ ಬಯಸಲೂ ಇಲ್ಲ. ಮಗಳ ತಲೆ ಬಾಚುವಾಗಲೂ ಹಣಿಗೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದ್ದುತ್ತಿದ್ದಳು.

ಮರಿಯವ್ವ ಶಾಲೆಗೆ ಹೋದಳು. ದೇವರ ತಲೆ ಎಂದು ಯಾರೂ ನಗಲಿಲ್ಲ. ಬಾಗಿಲ ಪಕ್ಕದಿಂದ ಆಕೆಯನ್ನು ಒಳಗೆ ಕರೆದು ಕೂರಿಸಿದರು. ತಿಮ್ಮವ್ವ ದಾರಿಯಲ್ಲಿ ಸಿಕ್ಕರೆ ಉಂಡ್ಯಾ ಎಂದು ಕೇಳಿ ಮುಂದೆ ಹೋಗುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಅವರಿಬ್ಬರ ನಡುವೆ ಬೆಳೆಯಲಿಲ್ಲ. ಬೇಸಿಗೆ ರಜೆ ಬರುವ ಹೊತ್ತಿಗೆ ಹೇನಿನ ಗಲಾಟೆಯೂ ಅಡಗಿತು.

ಮೊದಲ ಹೇನು ಯಾವ ಮನೆಯ ತಲೆಯಿಂದ ಚೌರಿಗೆ ಇಳಿಯಿತೋ ತಿಳಿಯದು. ಅದು ಹಾಲಮ್ಮನದೇ ಇರಬಹುದೆಂಬ ಅನುಮಾನ ಉಡಚಮ್ಮನನ್ನು ಬಿಡಲಿಲ್ಲ. ಇನ್ನು ಆ ಹುಡುಗಿ ಮರಿಯವ್ವ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆಗೆ ಏನನ್ನಿಸಿತು ಎಂಬುದು ಗೊತ್ತಿಲ್ಲ. ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.