ಹನ್ನೊಂದು ಜನರ ರೊಟ್ಟಿ

“ಏ ಲಂಗರ್, ಬಾಗಿಲು ಸರಿ ಹಾಕು ಮಾರಾಯ. ಎಸಿ ಎಲ್ಲ ಹೊರಗೆ ಹೋಗ್ತಾ ಉಂಟು.”

ಸಿನೆಮಾ ನೋಡಲು ಬಂದ ಇಪ್ಪತ್ತು ಜನರ ಎದುರು ಹೀಗೆ ಕೂಗಿದವರು ಸೂಪರ್‌ವೈಸರ್ ಕಜೆತಾನ್. ಪೂವಪ್ಪ ಬಾಗಿಲು ಹಾಕಿದ. ಲಂಗರ್ ಎಂದರೆ ಪಲ್ಟನ್ನಿನ ಅಡುಗೆಮನೆ. ಗಲ್ಫಿನ ಅಲ್ ಕೂಜ್‌ನ ಈ ಗೋದಾಮನ್ನು ಆರು ವರ್ಷದಿಂದ ಕಾಯುತ್ತಿರುವ ಪೂವಪ್ಪ ಹಿಂದೆ ಸೈನ್ಯದಲ್ಲಿದ್ದದ್ದು ನಿಜವೇ, ಆದರೆ ಬಂದೂಕಿಗಿಂತ ಹೆಚ್ಚು ಹಿಡಿದದ್ದು ಸೌಟು. ಸೆಕ್ಯುರಿಟಿ ಕಂಪನಿಯವರು ಇಂಟರ್‌ವ್ಯೂನಲ್ಲಿ ಇವನನ್ನು ಕಾದಾಡಿ ಬಂದವನೆಂದುಕೊಂಡರು. ಇವನು ಹೂಂ ಎಂದ. ಆ ಒಂದು ಹೂಂನಿಂದ ಒಳಗಿನ ತಣ್ಣನೆಯ ಡ್ಯೂಟಿ ಸಿಕ್ಕಿತ್ತು, ಎಂಟು ಗಾರ್ಡ್‌ಗಳ ಮೇಲೆ ಯಜಮಾನಿಕೆಯೂ ಸಿಕ್ಕಿತ್ತು.

ಮೂರು ವಾರದ ಹಿಂದೆ ಅಬುಧಾಬಿಯಿಂದ ವರ್ಗವಾಗಿ ಬಂದ ಸೂಪರ್‌ವೈಸರ್, ನೋಡಿದರೆ, ಅದೇ ಪಲ್ಟನ್ನಿನ ಸುಬೇದಾರ್ ಕಜೆತಾನ್ ಸಾಹೇಬರು. ಗುರುತು ಹಿಡಿದ ದಿನದಿಂದ ಅವರು ಪೂವಪ್ಪನ ಜೀವ ತಿನ್ನುತ್ತಿದ್ದರು. “ಆಫೀಸಿಗೆ ಒಂದು ಮೇಲ್ ಹಾಕಿದ್ರೆ ನಿನ್ನದು ಖಲಾಸ್. ಹೊರಗಿನ ಗೇಟಲ್ಲಿ ಜೂನ್ ಬಿಸಿಲು ತಿಂತೀಯ” ಎಂದು ದಿನಕ್ಕೆರಡು ಸಲ ಹೇಳುವರು. ಹೇಳುವರೇ ಹೊರತು ಮೇಲ್ ಹಾಕುವುದಿಲ್ಲ. ಯಾಕೆ ಹಾಕುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಆ ಶುಕ್ರವಾರ ಗೋದಾಮಿನಲ್ಲಿ ಸಿನೆಮಾ. ಅಲ್ ಬರ್ಷಾದ ಆಫೀಸೊಂದರಲ್ಲಿ ಕೆಲಸ ಮಾಡುವ ಮಂಗಳೂರಿನ ಅಮಿತಾ, ಯಾರೂ ನೋಡದ ಹಳೆಯ ಚಿತ್ರಗಳನ್ನು ಹುಡುಕಿ ತಂದು ತೋರಿಸುತ್ತಿದ್ದಳು. ಇವತ್ತಿನದು ಕಪ್ಪುಬಿಳುಪಿನ ಇಂಗ್ಲಿಷ್ ಚಿತ್ರ. ಬಂದ ವರ್ಷವೇ ಎಲ್ಲರೂ ಮರೆತದ್ದಂತೆ. ಮಹಾಯುದ್ಧ ಮುಗಿಸಿ ಬಂದ ಮೂವರು ಸಿಪಾಯಿಗಳು ಒಂದೇ ಬಾಡಿಗೆ ಮನೆಯಲ್ಲಿರುತ್ತಾರೆ. ಅವರಲ್ಲೊಬ್ಬ ಊರಿಗೇ ದೊಡ್ಡ ವೀರ. ಕೊನೆಗೆ ನೋಡಿದರೆ, ಗುಂಡು ಹಾರುವಾಗ ಅವನು ಹುಲ್ಲಿನ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದವನು. ಅದು ಬಯಲಾಗುವ ಹೊತ್ತಿಗೆ ಹಿಂದಿನ ಕುರ್ಚಿಯಲ್ಲಿದ್ದ ಕಜೆತಾನ್, ಬಾರದ ಫೋನನ್ನು ಕಿವಿಗಿಟ್ಟುಕೊಂಡು ಎದ್ದು ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ದೀಪ ಹತ್ತಿದ ಮೇಲೆ ಅವರು ಮರಳಿ ಬಂದು ಕೂತರು. ಅಮಿತಾ ಬಾಗಿಲ ಕಡೆ ತಿರುಗಿದಳು.

“ನಮ್ಮ ಪೂವಪ್ಪಣ್ಣ ಸಹ ಸೋಲ್ಜರ್ ಆಗಿದ್ದವರು. ಎರಡು ಮಾತು ಹೇಳಿ ಅಣ್ಣ. ಕನ್ನಡದಲ್ಲೇ ಹೇಳಿ, ನಾನು ಇವರಿಗೆ ಇಂಗ್ಲಿಷಲ್ಲಿ ಹೇಳ್ತೇನೆ.”

“ಹೇಳು, ಹೇಳು” ಎಂದು ಕಜೆತಾನ್ ಹಿಂದಿನಿಂದ ನಕ್ಕರು. “ಎಷ್ಟು ಜನರನ್ನು ಹೊಡೆದೆ ಅಂತ ಹೇಳು.”

ಪೂವಪ್ಪನಿಗೆ ಮೈಯೆಲ್ಲ ಉರಿಯಿತು. ಮೂರು ವಾರ ನುಂಗಿದ್ದು ಸಾಕೆನಿಸಿತು.

“ನಾನು ಯಾರನ್ನೂ ಹೊಡೀಲಿಲ್ಲ ಮೇಡಂ. ನಾನು ಅಡುಗೆಯವ. ಕಂಪನಿಗೆ ಹೇಳದೆ ಇದ್ದದ್ದು ನನ್ನ ತಪ್ಪು.” ಅಮಿತಾಳ ಮುಖ ಸಣ್ಣದಾಯಿತು. ಅವನು ನಿಲ್ಲಿಸಲಿಲ್ಲ. “ಸಿನೆಮಾದಲ್ಲಿ ಹಿಮದ ಮಧ್ಯೆ ಚಾ ಕುಡೀತಾರಲ್ಲ, ಮಗ್ಗಿನಿಂದ ಹೊಗೆಯೇ ಬರೂದಿಲ್ಲ. ಅದೊಂದು ಸುಳ್ಳು. ಬಾಕಿ ಎಲ್ಲ ಸರಿ ಉಂಟು.”

ಒಂದಿಬ್ಬರು ನಕ್ಕರು.

“ನಮ್ಮದೂ ಹಿಮದ ಪೋಸ್ಟೇ. ಒಂದು ಬೆಳಿಗ್ಗೆ ಅರವತ್ತೆರಡು ಜನ ಮೇಲೆ ಹತ್ತಿದ್ರು. ಅಷ್ಟೂ ಜನರಿಗೆ ಎಣಿಸಿ ರೊಟ್ಟಿ ಮಾಡಿಟ್ಟೆ. ಹನ್ನೆರಡು ಜನ ವಾಪಸ್ ಬರ್ಲಿಲ್ಲ. ಸಂಜೆ ಹನ್ನೊಂದು ಜನರ ರೊಟ್ಟಿ ಉಳೀತು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ, ಎರಡು ದಿನ ಮುಚ್ಚಿಟ್ಟೆ.”

ಅಮಿತಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದವಳು ತಡೆದಳು. “ಹನ್ನೆರಡಾ, ಹನ್ನೊಂದಾ ಅಣ್ಣ? ಲೆಕ್ಕ ತಪ್ಪಿತಾ?”

“ತಪ್ಪಲಿಲ್ಲ. ಒಬ್ಬರು ಎರಡು ಸಲ ಉಂಡ್ರು. ಮೇಲೆ ಗುಂಡು ಹಾರ್ತಾ ಇರುವಾಗ ಮಧ್ಯಾಹ್ನವೇ ಒಬ್ಬರೇ ಇಳಿದು ಬಂದ್ರು. ಮೈಮೇಲೆ ಗಾಯ ಇಲ್ಲ. ಹಸಿವು ಅಂದ್ರು, ಬಡಿಸಿದೆ. ಸಂಜೆ ಉಳಿದವರ ಜೊತೆ ಮತ್ತೆ ಸಾಲಲ್ಲಿ ನಿಂತ್ರು. ಮತ್ತೆ ಬಡಿಸಿದೆ.”

ಅವಳು ಅದನ್ನೂ ಇಂಗ್ಲಿಷಿಗೆ ತಂದಳು. ಮುಂದಿನ ಸಾಲಿನ ಮಲಯಾಳಿಯೊಬ್ಬ ಕೇಳಿದ, “ಹೂ ವಾಸ್ ದಟ್ ಮ್ಯಾನ್?”

ಪೂವಪ್ಪ ಹಿಂದಿನ ಕುರ್ಚಿಯ ಕಡೆ ನೋಡಲಿಲ್ಲ. “ಉಂಡವರ ಹೆಸರು ಹೇಳೂದು ಅಡುಗೆಯವನ ಕೆಲಸ ಅಲ್ಲ.”

ಜನ ಚಹಾಕ್ಕೆ ಎದ್ದಾಗ ಕಜೆತಾನ್ ಅವನ ಹತ್ತಿರ ಬಂದರು. ನಗು ಎಲ್ಲೋ ಹೋಗಿತ್ತು, ಮುಖದ ಬಣ್ಣವೂ ಇರಲಿಲ್ಲ.

“ನಾಳೆಯಿಂದ ಹೊರಗಿನ ಗೇಟು.”

“ಆಯ್ತು ಸಾಬ್.”

ತಲೆಗೊಂದರಂತೆ ತರಿಸಿದ ಸಮೋಸದ ತಟ್ಟೆ ಮೇಜಿನ ಮೇಲಿತ್ತು. ಯಾರೂ ಹೇಳದಿದ್ದರೂ ಪೂವಪ್ಪ ಅದನ್ನೆತ್ತಿಕೊಂಡು ಒಬ್ಬೊಬ್ಬರಿಗೇ ಕೊಡುತ್ತಾ ಬಂದ. ಕಜೆತಾನರ ಎದುರಿಗೂ ಹಿಡಿದ. ಅವರು ಕೈ ಚಾಚಿದರು, ಹಿಂದಕ್ಕೆ ತೆಗೆದುಕೊಂಡರು, ಬಾಗಿಲು ತೆರೆದುಕೊಂಡು ಬಿಸಿಲಿಗೆ ಹೋದರು.

ಎಲ್ಲರದ್ದೂ ಆದ ಮೇಲೆ ತಟ್ಟೆಯಲ್ಲಿ ಒಂದು ಸಮೋಸ ಉಳಿದಿತ್ತು. ಪೂವಪ್ಪ ಅದರ ಮೇಲೆ ಕಾಗದದ ಕರವಸ್ತ್ರವೊಂದನ್ನು ಮುಚ್ಚಿಟ್ಟ.