ಒಂದು ಗೇಣು ಕಮ್ಮಿ

ಪಿ.ಟಿ. ಮೇಷ್ಟ್ರ ಕೈಗೆ ಸೀಟಿ ಕೊಟ್ಟರೆ ಶಾಲೆಗೆ ಶಾಲೆಯೇ ಸಾಲಾಗಿ ನಿಲ್ಲುತ್ತದೆ, ಪೆನ್ನು ಕೊಟ್ಟರೆ ಪಾಪ ಅವರೇ ದಿಕ್ಕೆಟ್ಟು ನಿಲ್ಲುತ್ತಾರೆ. ಕಡೂರಿನ ಚನ್ನಬಸಪ್ಪ ಮೇಷ್ಟ್ರ ಪಾಡು ಆ ವಾರ ಹಾಗೇ ಆಗಿತ್ತು. ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಜ್ಜಂಪುರದ ಹೈಸ್ಕೂಲಿನಲ್ಲಿ ಅವರ ಜಾಗಕ್ಕೆ ಬಂದಿದ್ದ ಪ್ರತಿಮಾ ಮೇಡಂ ಫೋನ್ ಮಾಡಿ, ಶಾಲೆಯ ಸಂಚಿಕೆಗೆ ನೆಟ್‌ಬಾಲ್ ಆಟದ ಇತಿಹಾಸ ಎರಡು ಪುಟ ಬರೆದುಕೊಡಿ ಎಂದು ಕೇಳಿದ್ದರು.

ಮೊದಲ ಪುಟವೇನೋ ಸಲೀಸಾಗಿ ಬಂತು. ನೆಟ್‌ಬಾಲ್ ಬ್ಯಾಸ್ಕೆಟ್‌ಬಾಲಿನ ತಂಗಿ. ಕಂಬದ ತುದಿಗೆ ಬರೀ ರಿಂಗು, ಹಿಂದೆ ಹಲಗೆಯಿಲ್ಲ. ಚೆಂಡನ್ನು ನೆಲಕ್ಕೆ ಕುಟ್ಟುತ್ತಾ ಓಡುವಂತಿಲ್ಲ, ಕೈಗೆ ಬಂದರೆ ಮೂರು ಸೆಕೆಂಡಿನೊಳಗೆ ದಾಟಿಸಬೇಕು. ಬ್ರಿಟಿಷರ ಕಾಲದಲ್ಲೇ ನಮ್ಮ ದೇಶಕ್ಕೆ ಬಂದರೂ ಬಹಳ ಕಾಲ ದೊಡ್ಡೂರುಗಳ ಹೆಣ್ಣುಮಕ್ಕಳ ಶಾಲೆ ಬಿಟ್ಟು ಆಚೆ ಬರಲಿಲ್ಲ. ನಮ್ಮ ಸೀಮೆಯ ಹುಡುಗಿಯರಿಗೆ ಖೋ ಖೋ, ತ್ರೋಬಾಲ್ ಇವೇ ಗತಿ. ಇಷ್ಟು ಬರೆದು, ‘ನಮ್ಮ ಶಾಲೆಯಲ್ಲಿ ಈ ಆಟ 1998ರಲ್ಲಿ ಶುರುವಾಗಿ 1999ರಲ್ಲಿ ನಿಂತಿತು’ ಎಂದು ಬರೆದರು. ಅಲ್ಲಿಗೆ ಪೆನ್ನೂ ನಿಂತಿತು. ಯಾಕೆ ನಿಂತಿತು ಅಂತ ಓದಿದವರು ಕೇಳುವುದಿಲ್ಲವೇ?

ಯಾಕೆ ನಿಂತಿತು ಅಂತ ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವರೊಬ್ಬರಿಗೇ.

ಆಗ ಅವರಿಗೆ ಬಿಸಿರಕ್ತ. ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದವರೇ ತರೀಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಪೈಪಿಗೆ ರಿಂಗು ಕೂರಿಸಿಕೊಂಡು ಲಗೇಜ್ ಆಟೋದಲ್ಲಿ ತಂದರು. ಹನ್ನೆರಡು ಅಡಿ ಪೈಪು, ಎರಡಡಿ ನೆಲದೊಳಗೆ, ಹತ್ತಡಿ ಮೇಲೆ. ನಿಯಮ ಇರುವುದೇ ಹತ್ತಡಿ. ಗುಂಡಿ ತೋಡುತ್ತಿದ್ದ ಜವಾನ ತೀರ್ಥಪ್ಪ ಮಾತ್ರ ತಲೆಯಾಡಿಸಿದ. “ಇದು ಎರೆ ನೆಲ ಸಾ. ಬ್ಯಾಸಿಗೇಲಿ ಬಿರಿತದೆ. ಇನ್ನೊಂದ್ ಗೇಣು ಇಳಿಸ್ದಿದ್ರೆ ವಾಲ್ಕಂಡ್ಬಿಡ್ತದೆ” ಎಂದ. ಆ ಕಡೆ ಬೇಲಿಯ ಗೂಟವನ್ನೂ ಹಾಗೇ ನೆಡುವುದು. ಒಂದು ಗೇಣು ತಾನೇ, ಏನು ಮಹಾ ಎಂದುಕೊಂಡು ಮೇಷ್ಟ್ರು ಇಳಿಸಿಬಿಟ್ಟರು, ಆಮೇಲೆ ಮರೆತೂಬಿಟ್ಟರು.

ಒಂಬತ್ತನೇ ಕ್ಲಾಸಿನ ಮಾಲಿನಿ ಆ ಕಂಬದ ಕೆಳಗೇ ಬೆಳೆದಳು ಅನ್ನಬೇಕು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನೂರು ಚೆಂಡು, ಸಂಜೆ ನೂರು ಚೆಂಡು. ಹತ್ತಕ್ಕೆ ಒಂಬತ್ತು ರಿಂಗಿನೊಳಗೇ ಬೀಳುತ್ತಿದ್ದವು. ಜಿಲ್ಲೆಯಲ್ಲಿ ಈ ಆಟ ಗೊತ್ತಿದ್ದ ಶಾಲೆ ಇನ್ನೊಂದೇ ಇತ್ತು. ಅವರನ್ನೂ ಇದೇ ಮೈದಾನದಲ್ಲಿ ಸೋಲಿಸಿ ತಂಡ ವಿಭಾಗಮಟ್ಟಕ್ಕೆ ಮೈಸೂರಿಗೆ ಹೋಯಿತು. ಅಲ್ಲಿ ಮಾಲಿನಿ ಹಾಕಿದ್ದು ಇಪ್ಪತ್ತು ಚೆಂಡು, ಒಳಗೆ ಬಿದ್ದದ್ದು ಮೂರು. ಮಿಕ್ಕವು ರಿಂಗಿನ ಮುಂದಿನ ಕಂಬಿಗೆ ಬಡಿದು ಅವಳ ಎದೆಗೇ ವಾಪಸ್ಸು ಬಂದವು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಹುಡುಗಿ ಮೆಲ್ಲಗೆ, “ಸಾ, ಅಲ್ಲಿ ರಿಂಗು ಎತ್ರ ಇದ್ದಂಗಿತ್ತು” ಅಂದಳು. ಸೋತ ಸಿಟ್ಟು ಮೇಷ್ಟ್ರ ನೆತ್ತಿಗೇರಿತ್ತು. “ಕುಣಿಯಕ್ ಬಾರ್ದೋಳು ನೆಲ ಡೊಂಕು ಅಂದ್ಳಂತೆ” ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದುಬಿಟ್ಟರು. ಬಸ್ಸಿಗೆ ಬಸ್ಸೇ ನಕ್ಕಿತು. ಮಾಲಿನಿ ಕಿಟಕಿಯ ಕಡೆ ಮುಖ ಮಾಡಿದವಳು ಅಜ್ಜಂಪುರ ಬರುವವರೆಗೂ ತಿರುಗಲಿಲ್ಲ. ಅಂದಿನಿಂದ ಅವಳು ಡೊಂಕು ಮಾಲಿನಿ.

ಮಾರನೇ ದಿನ ಮೇಷ್ಟ್ರು ಟೇಪು ಹಿಡಿದು ಕಂಬ ಅಳೆದರು. ಒಂಬತ್ತು ಅಡಿ ಮೂರು ಇಂಚು.

ಅವತ್ತೇ ಹೇಳಬಹುದಿತ್ತು. ನಾಳೆ ಹೇಳೋಣ ಅಂದುಕೊಂಡರು. ಹೆಡ್ ಮಾಸ್ಟರ ಮುಂದೆ, ಮಕ್ಕಳ ಮುಂದೆ ಹೇಗೆ ಹೇಳುವುದು? ಕಂಬ ಎತ್ತರಿಸಿದರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೇಳಬೇಕು. ಅದಕ್ಕೇ ಕಂಬ ಎತ್ತರಿಸಲಿಲ್ಲ, ಆಟವನ್ನೇ ಬಿಟ್ಟು ಖೋ ಖೋ ಹಿಡಿದರು. ಒಂದು ಕಂಬ ತುಕ್ಕು ಹಿಡಿದು ಬಿತ್ತು. ಇನ್ನೊಂದು ಇಪ್ಪತ್ತಾರು ವರ್ಷ ಅವರ ಕಣ್ಣ ಮುಂದೆಯೇ ನಿಂತಿತ್ತು. ಎತ್ತರದ ಮಾತು ಯಾರೇ ತೆಗೆದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರು ಆ ಕಂಬದ ಕಡೆ ನೋಡುತ್ತಿದ್ದರು.

ಪ್ರತಿಮಾ ಮೇಡಂ ಎರಡನೇ ಸಲ ಫೋನ್ ಮಾಡಿದಾಗ ಬೇರೆಯೇ ಸಮಾಚಾರ ಹೇಳಿದರು. “ಸರ್, ನೆಟ್‌ಬಾಲ್ ಮತ್ತೆ ಶುರು ಮಾಡಿದೀನಿ, ನಿಶ್ಚಿತಾ ಅಂತ ಒಬ್ಬಳಿದಾಳೆ. ನೀವು ನೆಟ್ಟ ಕಂಬದಲ್ಲೇ ಪ್ರಾಕ್ಟೀಸ್ ಮಾಡಿಸ್ತಿದೀನಿ, ಹತ್ತಕ್ಕೆ ಒಂಬತ್ತು ಹಾಕ್ತಾಳೆ. ಸೋಮವಾರ ಚಿಕ್ಕಮಗಳೂರಲ್ಲಿ ಜಿಲ್ಲಾ ತಂಡದ ಆಯ್ಕೆ. ಅವರಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತಿಲ್ಲ. ನಿಮ್ಮ ಸ್ಟೂಡೆಂಟಂತೆ, ಮಾಲಿನಿ ಅಂತ. ನೀವೊಂದು ಮಾತು ಹೇಳಿದ್ರೆ ಕೇಳ್ತಾರೇನೋ.”

ಮೇಷ್ಟ್ರು, “ಕಂಬ ಅಳತೆ ನೋಡಿದ್ರಾ ಮೇಡಂ?” ಎಂದರು.

“ನೀವು ನೆಟ್ಟಿದ್ದಲ್ವಾ ಸರ್, ಅದನ್ನೇನ್ ನೋಡೋದು.”

ಆ ರಾತ್ರಿ ಅನ್ನ ಸೇರಲಿಲ್ಲ. ತಾಯಿಗೆ ಬಗೆದ ದ್ರೋಹ ಸಾಲದು ಅಂತ ಈಗ ಮಗಳ ಸರದಿ. ಬೆಳಿಗ್ಗೆ ಎದ್ದವರೇ ತರೀಕೆರೆ ಬಸ್ಸು ಹತ್ತಿದರು. ಅದೇ ವೆಲ್ಡಿಂಗ್ ಅಂಗಡಿಯಲ್ಲಿ ಕರಿಸಿದ್ದಪ್ಪ ಇನ್ನೂ ಇದ್ದ. ಒಂದು ಗೇಣುದ್ದದ ಪೈಪಿನ ತುಂಡು ಕತ್ತರಿಸಿಕೊಟ್ಟು, “ಯಾತಕ್ಕೆ ಮೇಷ್ಟ್ರೇ?” ಎಂದು ಕೇಳಿದ. “ಮನೆ ಗೇಟಿಗೆ” ಅಂದರು. ಹೇಳಿದ ಮೇಲೆ ನಾಚಿಕೆಯಾಯಿತು. ಸತ್ಯ ಹೇಳಲು ಹೊರಟ ದಾರಿಯಲ್ಲೂ ಸುಳ್ಳೇ ಬಾಯಿಗೆ ಬರಬೇಕೇ?

ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದೆ ಮಾಲಿನಿಯ ಟೈಲರಿಂಗ್ ಅಂಗಡಿ. ಮೇಷ್ಟ್ರನ್ನು ಕಂಡವಳೇ ಎದ್ದು ನಿಂತು, “ಬನ್ನಿ ಸಾ, ಕೂತ್ಕಳಿ” ಎಂದು ಸ್ಟೂಲು ಒರೆಸಿದಳು. ಆ ಮರ್ಯಾದೆಯೇ ಮೇಷ್ಟ್ರಿಗೆ ಚುಚ್ಚಿತು.

“ಮೇಡಮ್ಮೋರು ಕಳಿಸಿದ್ರಾ? ಬ್ಯಾಡ ಸಾ,” ಎನ್ನುತ್ತಾ ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದಳು. “ಇಲ್ಲಿ ಚೆನ್ನಾಗ್ ಹಾಕ್ತಾಳೆ. ನಾನೂ ಹಾಕ್ತಿದ್ದೆ. ಅಲ್ಲಿಗ್ ಹೋದ್ರೆ ನನ್ ಕೈಯೇ ಅವಳಿಗೂ ಬತ್ತೈತೆ. ಆ ಅವಮಾನ ನನಗೇ ಸಾಕು.”

ಮೇಷ್ಟ್ರು ಚೀಲದಿಂದ ಪೈಪಿನ ತುಂಡು ತೆಗೆದು ಮಿಷನ್ನಿನ ಮೇಲಿಟ್ಟರು. “ನಿನ್ನ ಕೈಯಲ್ಲಿ ಏನೂ ತಪ್ಪಿರ್ಲಿಲ್ಲ ಕಣಮ್ಮ. ನಾನು ನೆಟ್ಟ ಕಂಬ ಇಷ್ಟು ಕಮ್ಮಿ ಇತ್ತು. ಈಗ್ಲೂ ಇದೆ.”

ಮಾಲಿನಿ ಆ ತುಂಡನ್ನು ಎತ್ತಿಕೊಂಡು ಗೇಣು ಹಾಕಿ ನೋಡಿದಳು. “ನಿಮಗ್ಯಾವಾಗ ಗೊತ್ತಾಯ್ತು ಸಾ?”

“ಮೈಸೂರಿಂದ ಬಂದ ಮಾರನೇ ದಿನ.”

ಅವಳು ತುಂಡನ್ನು ಮೇಷ್ಟ್ರ ಕೈಗೆ ವಾಪಸ್ಸು ಕೊಟ್ಟಳು. ಬೈದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. “ಅವತ್ತು ಬಸ್ಸಲ್ಲಿ ಎಲ್ರ ಮುಂದೆ ಅಂದ್ರಿ. ಇದನ್ನ ಮಾತ್ರ ಅಂಗ್ಡಿ ಒಳಗೆ ಗುಟ್ಟಾಗಿ ಹೇಳ್ತೀರಲ್ಲ” ಎಂದಳು. “ನಡೀರಿ ಸ್ಕೂಲಿಗೆ.”

ಮೈದಾನದಲ್ಲಿ ಪ್ರತಿಮಾ ಮೇಡಂ ಹುಡುಗಿಯರನ್ನು ಸಾಲು ನಿಲ್ಲಿಸಿದರು. ಮೂವತ್ತೈದು ವರ್ಷ ಇಂಥ ಸಾಲುಗಳ ಮುಂದೆ ಗದರಿದ್ದ ಮೇಷ್ಟ್ರು ಅವತ್ತು ಮೆಲ್ಲಗೆ ಮಾತು ತೆಗೆದರು. ಕಂಬದ ಅಳತೆ, ಮೈಸೂರಿನ ಪಂದ್ಯ, ಬಸ್ಸಿನಲ್ಲಿ ಆಡಿದ ಗಾದೆ, ಮಾರನೇ ದಿನದ ಟೇಪು, ಒಂದನ್ನೂ ಬಿಡಲಿಲ್ಲ. “ನೆಲವೇ ಡೊಂಕಿತ್ತು. ಡೊಂಕು ಮಾಡಿದೋನು ನಾನು. ಬೈಸಿಕೊಂಡಿದ್ದು ಈ ಮಗು” ಎಂದರು. ನಲವತ್ತರ ಹೆಂಗಸನ್ನು ಮಗು ಅಂದದ್ದು ಅವರಿಗೇ ಗೊತ್ತಾಗಲಿಲ್ಲ. ನಿಶ್ಚಿತಾ ತನ್ನ ತಾಯಿಯನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಊರಿನ ವೆಲ್ಡರ್ ಬಂದು ರಿಂಗಿನ ಕೆಳಗೆ ಆ ತುಂಡು ಸೇರಿಸಿ ಬೆಸೆದ. ಪ್ರತಿಮಾ ಮೇಡಂ ತಾವೇ ಏಣಿ ಹತ್ತಿ ಅಳೆದರು. ಹತ್ತಡಿ. ಮಾಲಿನಿ ಒಪ್ಪಿಗೆ ಪತ್ರ ಇಸಿದುಕೊಂಡು ಸಹಿ ಹಾಕಿದಳು. “ಇನ್ನು ಮೂರು ದಿನ ಐತೆ, ಹೊಸದಾಗಿ ಕಲ್ತ್ಕೊ” ಎಂದು ಮಗಳಿಗೆ ಹೇಳಿ, ಅವಳ ಕೈಯಿಂದ ಚೆಂಡು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಪ್ಪತ್ತಾರು ವರ್ಷದ ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಎಸೆದಳು.

ಚೆಂಡು ರಿಂಗಿನ ಮುಂದಿನ ಕಂಬಿಗೆ ಬಡಿದು ವಾಪಸ್ಸು ಬಂತು. ಇನ್ನೊಮ್ಮೆ ಎಸೆದಳು. ಅದೇ ಜಾಗಕ್ಕೆ ಬಡಿದು, ಉರುಳಿ ಮೇಷ್ಟ್ರ ಕಾಲ ಬಳಿ ನಿಂತಿತು. ಹುಡುಗಿಯರು ಯಾರೂ ನಗಲಿಲ್ಲ.

“ಅವತ್ತು ಹದಿನೇಳೂ ಅಲ್ಲಿಗೇ ಬಡಿದಿದ್ವು ಸಾ,” ಎಂದಳು ಮಾಲಿನಿ. “ರಿಂಗು ಎತ್ರ ಐತೆ ಅಂತ ನಾನು ಹೇಳಿದ್ದೆ.”

ಮೇಷ್ಟ್ರು ಬಗ್ಗಿ ಚೆಂಡು ಎತ್ತಿಕೊಂಡರು. “ಹೇಳಿದ್ದೆ ಕಣಮ್ಮ” ಎಂದು ಅವಳ ಕೈಗೆ ಕೊಟ್ಟರು.