ಹುಚ್ಚರು ಎಡಗಡೆ

“ಹುಚ್ಚರೆಲ್ಲ ಎಡಗಡೆ, ಡಾಕ್ಟರುಗಳೆಲ್ಲ ಬಲಗಡೆ!”

ಕೊರಳಿಗೆ ಸೀಟಿ ತೂಗುಹಾಕಿಕೊಂಡಿದ್ದ ತರುಣ ಹಿಂದಿಯಲ್ಲಿ ಕೂಗಿದಾಗ ಭುಜಂಗ ಎರಡರ ನಡುವೆ ನಿಂತಿದ್ದ. ಎಡಕ್ಕೆ ಸರಿಯಲು ಕಾಲು ಏಳಲಿಲ್ಲ. ಬಲಕ್ಕೆ ಸರಿಯಲು ಧೈರ್ಯ ಸಾಲಲಿಲ್ಲ.

“ಏ ಚಷ್ಮಾ, ನೀನು ಎಡಗಡೆ,” ಎಂದ ಸೀಟಿಯವನು.

ನೋಡಿದ ಕೂಡಲೇ ಇವನಿಗೆ ಹೇಗೆ ಗೊತ್ತಾಯಿತು ಎಂದುಕೊಂಡ ಭುಜಂಗ. ಆಮೇಲೆ ಕಂಡಿತು, ಎಡಗಡೆ ಜನ ಕಡಿಮೆಯಿದ್ದರು. ಅಷ್ಟೇ ಕಾರಣ.

ಪುಣೆಯ ಹೊರಗಿನ ನಿಗಡಿಯ ಬಯಲಿನಲ್ಲಿದ್ದ ಹಳೆಯ ಬಂಗಲೆಯೊಂದನ್ನು ಸಿನಿಮಾದವರು ಬಾಡಿಗೆಗೆ ಹಿಡಿದಿದ್ದರು. ಗೇಟಿನ ಮೇಲೆ ‘ಪಾಗಲಖಾನಾ’ ಎಂಬ ಬೋರ್ಡು. ಬಣ್ಣ ಇನ್ನೂ ಒಣಗಿರಲಿಲ್ಲ. ಅಂಗಳದಲ್ಲಿ ಪ್ಲೈವುಡ್ಡಿನ ಗೋಡೆಗಳನ್ನು ನಿಲ್ಲಿಸಿ ಒಂದು ವಾರ್ಡು ಮಾಡಿದ್ದರು. ಕಬ್ಬಿಣದ ಮಂಚ, ಸರಳಿನ ಬಾಗಿಲು, ಗೋಡೆಗೊಂದು ನಲ್ಲಿ. ಎಲ್ಲ ಅಚ್ಚುಕಟ್ಟಾಗಿತ್ತು. ಇಷ್ಟು ಅಚ್ಚುಕಟ್ಟಾದ ವಾರ್ಡನ್ನು ಭುಜಂಗ ನೋಡಿರಲಿಲ್ಲ. ಅವನು ನೋಡಿದ್ದ ವಾರ್ಡು ಒಂದೇ.

ಆ ವಿಷಯವನ್ನೇ ಈ ದಿನ ಇಂದೂಳಿಗೆ ಹೇಳಿಬಿಡಬೇಕೆಂದು ಹೊರಟಿದ್ದ. ಎಪ್ಪತ್ತೆಂಟನೆಯ ಇಸವಿಯ ದೀಪಾವಳಿ ರಜೆ ಅದು. ತುಳಸಿ ಲಗ್ನದ ಹಬ್ಬ ಮುಗಿದ ಮೇಲೆ ಇವರಿಬ್ಬರ ಲಗ್ನ. ಮೂರು ವರ್ಷದ ಹಿಂದೆ ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತ ಕಲಿಸುತ್ತ ಭುಜಂಗ ಒಂದು ವಾಕ್ಯದ ನಡುವೆ ನಿಂತುಬಿಟ್ಟಿದ್ದ. ಆ ವಾಕ್ಯ ಮುಗಿಯಲೇ ಇಲ್ಲ. ಊರಾಚೆಯ ಒಂದು ಖಾಸಗಿ ದವಾಖಾನೆಯಲ್ಲಿ ಆ ವರ್ಷದ ಮಳೆಗಾಲವನ್ನೆಲ್ಲ ಕಳೆದ. ಸೊಲ್ಲಾಪುರದ ಸೋದರಮಾವನ ಮನೆಯಲ್ಲಿ ಟೈಫಾಯ್ಡಾಗಿ ಮಲಗಿದ್ದಾನೆ ಎಂದು ಅವ್ವ ಎಲ್ಲರಿಗೂ ಹೇಳಿದಳು. ಹೇಳಿ ಹೇಳಿ ಅವಳಿಗೇ ಅದು ನಿಜವೆನಿಸಿ, ಈಗಲೂ ಅವನಿಗೆ ಕರಿದದ್ದು ಕೊಡಲು ಹೆದರುತ್ತಿದ್ದಳು.

ಇಂದೂಳಿಗೆ ಸಿನಿಮಾ ಎಂದರೆ ಪ್ರಾಣ. ಕರ್ವೆ ರಸ್ತೆಯಲ್ಲಿ ಹೊಟೇಲು ನಡೆಸುವ ಉಡುಪಿ ಕಡೆಯ ಲೋಕನಾಥರು ಈ ಕಂಪನಿಗೆ ತಿಂಡಿ ಊಟ ಒದಗಿಸುತ್ತಿದ್ದರು. ಅವರು ಜೊತೆಗಿರುತ್ತಾರೆಂದು ಇಂದೂಳ ಅಪ್ಪ ಇವರಿಬ್ಬರನ್ನೂ ಕಳಿಸಿದ್ದ. ಮೆಟಡೋರಿನಲ್ಲಿ ಇಡ್ಲಿಯ ಪಾತ್ರೆಗಳ ನಡುವೆ ಕೂತು ಬರುವಾಗ ಲೋಕನಾಥರೇ ಕಥೆ ಹೇಳಿದ್ದರು.

“ಭಾರೀ ತಮಾಷೆ ಉಂಟು ಭುಜಂಗರೇ. ಹೀರೊಯಿನ್ನು ಹುಚ್ಚಾಸ್ಪತ್ರೆಯ ಡಾಕ್ಟರು. ಅವಳ ಹತ್ತಿರ ಹೋಗ್ಲಿಕ್ಕೆ ಹೀರೋ ಹುಚ್ಚನ ಹಾಗೆ ಮಾಡ್ತಾನೆ. ಕಡೆಗೆ ಹುಚ್ಚರೆಲ್ಲ ಸೇರಿ ಇಬ್ಬರಿಗೂ ಮದುವೆ ಮಾಡಿಸ್ತಾರೆ.”

“ಆಮೇಲೆ ಅವರು ಏನಾಗ್ತಾರ್ರಿ?” ಭುಜಂಗ ಕೇಳಿದ.

“ಯಾರು, ಹೀರೋ ಹೀರೊಯಿನ್ನಾ?”

“ಅಲ್ಲ. ಹುಚ್ಚರು.”

“ಅವರದ್ದೆಂತ ಮಾರಾಯ್ರೆ, ಅವರು ಬ್ಯಾಂಡು ಬಾರಿಸ್ತಾರೆ.”

ಇಂದೂ ಬಿದ್ದು ಬಿದ್ದು ನಕ್ಕಿದ್ದಳು. ಅವಳು ನಗುವಾಗ ಚೆಲುವೆ. ಇವಳಿಗೆ ಈ ಮೆಟಡೋರಿನಲ್ಲಿ ಹೇಗೆ ಹೇಳುವುದು ಎಂದು ಭುಜಂಗ ಮುಂದೂಡಿದ್ದ. ಅಲ್ಲಿ ಹೋದ ಮೇಲೆ ಹೇಳಿದರಾಯಿತು ಎಂದು.

ಅಲ್ಲಿ ಬಂದ ಮೇಲೆ ನೋಡಿದರೆ ಜನ ಸಾಲದೆ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದರು. “ಇವರೂ ಬರ್ತಾರೆ, ಪ್ರೊಫೆಸರು!” ಎಂದು ಲೋಕನಾಥರೇ ಅವನನ್ನು ಮುಂದೆ ನೂಕಿದರು. “ಹೋಗ್ರೀ, ಹೋಗ್ರೀ, ಪಿಕ್ಚರಿನ್ಯಾಗ ಬರ್ತೀರಿ,” ಎಂದು ಇಂದೂ ಚಪ್ಪಾಳೆ ತಟ್ಟಿದಳು. ಒಲ್ಲೆನೆಂದರೆ ಯಾಕೆಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಇದ್ದ ಉತ್ತರ ಒಂದೇ. ಭುಜಂಗ ಪಟ್ಟಿಪಟ್ಟಿಯ ಅಂಗಿ ಪಾಯಜಾಮ ಹಾಕಿಕೊಂಡ.

ಸೀಟಿ ಕೂಗಿತು. ಎಡಗಡೆಯವರೆಲ್ಲ ಶುರುಮಾಡಿದರು. ಒಬ್ಬ ತಲೆಯ ಮೇಲೆ ಅಡುಗೆಯ ಪಾತೇಲಿ ಬೋರಲು ಹಾಕಿಕೊಂಡು ಸಲಾಮು ಹೊಡೆದ. ಇನ್ನೊಬ್ಬ ಕಸಬರಿಗೆಯನ್ನು ಸಿತಾರಿನಂತೆ ಮೀಟಿದ. ದಪ್ಪನೆಯ ಒಬ್ಬ ಮಂಚದ ಕೆಳಗೆ ಹೋಗಿ ರೈಲಿನಂತೆ ಕೂಗಿದ. ಇವರಿಗೆಲ್ಲ ಇದನ್ನು ಯಾರು ಕಲಿಸಿದರು ಎಂದು ಭುಜಂಗನಿಗೆ ಆಶ್ಚರ್ಯವಾಯಿತು. ಅವರೂ ಸಿನಿಮಾದಲ್ಲೇ ನೋಡಿ ಕಲಿತಿರಬೇಕು.

ಅವನಿಗೆ ಗೊತ್ತಿದ್ದದ್ದು ಬೇರೆ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ನೋಡತೊಡಗಿದ. ಇಡೀ ಮಳೆಗಾಲ ಅವನು ಮಾಡಿದ್ದು ಇಷ್ಟೇ. ಮಾಡಬಾರದಾಗಿತ್ತು, ಯಾರಿಗಾದರೂ ಗೊತ್ತಾಗುತ್ತದೆ ಎಂದುಕೊಂಡ. ಆದರೂ ದೇಹ ತಾನಾಗಿ ಆ ಜಾಗಕ್ಕೆ ಹೋಗಿ ಕೂತಿತ್ತು. ಹಳೆಯ ಚಪ್ಪಲಿಗೆ ಕಾಲು ಹಾಕಿದ ಹಾಗೆ.

ಸೀಟಿಯವನು ಎದುರಿಗೆ ಬಂದು ನಿಂತ. “ಏನು ಮಾಡ್ತಿದ್ದೀ?”

“ಹುಚ್ಚ,” ಎಂದ ಭುಜಂಗ.

“ಇದೆಂಥ ಹುಚ್ಚ? ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದೀ.”

ಸರಿಯಾಗಿಯೇ ಹೇಳಿದ ಎನ್ನಿಸಿತು. ಹಾಗೇ ಇತ್ತು ಅದು. ಯಾವ ಬಸ್ಸು ಎಂದು ಮಾತ್ರ ಗೊತ್ತಿರಲಿಲ್ಲ.

“ಮದ್ರಾಸಿಯಾ?”

“ಅಲ್ಲ. ಧಾರವಾಡ.”

“ಅದೇ ಅದೇ. ನಿನ್ನ ಭಾಷೆಯಲ್ಲಿ ಏನಾದರೂ ಮಾತಾಡು. ಜೋರಾಗಿ, ಬೇಗ ಬೇಗ. ಜನ ನಗಬೇಕು.”

ಭುಜಂಗ ಬಾಯಿ ತೆರೆದ. ಪುಣೆಯ ಕಾಲೇಜಿನಲ್ಲಿ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ತಾಸುಗಟ್ಟಲೆ ಮಾತಾಡುವವನಿಗೆ ಆ ವಾರ್ಡಿನಲ್ಲಿ ಎರಡೂ ಮರೆತುಹೋಗಿದ್ದವು. ಉಳಿದದ್ದು ಅವ್ವನ ಮಾತೊಂದೇ. ಬಾಯಾರಿದಾಗ “ನೀರು, ನೀರು” ಎನ್ನುತ್ತಿದ್ದ. ಅಲ್ಲಿನ ಮರಾಠಿ ಆಳುಗಳಿಗೆ ಅದು ‘ನೀರಾ’ ಎಂದು ಕೇಳುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಪುಣೆಯ ರಸ್ತೆಗಳಲ್ಲಿ ಗಾಡಿಯ ಮೇಲೆ ಮಾರುವ, ಮರದಿಂದ ಇಳಿಸಿದ ಸಿಹಿ ನೀರಾ. ಸಾಹೇಬರಿಗೆ ನೀರಾ ಬೇಕಂತೆ, ಹೊತ್ತೇರಿದೆ ಸಾಹೇಬರೇ, ಇನ್ನು ನಾಳೆ ಬೆಳಿಗ್ಗೆಗೇ, ಎಂದು ನಗುತ್ತಿದ್ದರು. ಕೆಟ್ಟವರಲ್ಲ ಅವರು. ಯಾರಿಗಾದರೂ ನಗು ಬರುವಂಥದ್ದೇ. ಭೇಟಿಯ ದಿನ ಅವ್ವ ಬಂದು ತುಟಿ ನೋಡಿ ಅತ್ತ ಮೇಲೆ ನೀರು ಸಿಕ್ಕಿತು.

“ಮಾತಾಡು!” ಎಂದ ಸೀಟಿಯವನು.

“ನೀರು ಬೇಕು,” ಎಂದ ಭುಜಂಗ.

ಪಾತೇಲಿಯವನು ಇವನಿಗೆ ನೀರಾ ಬೇಕಂತೆ ಎಂದು ಅಲ್ಲಿಂದಲೇ ಮರಾಠಿಯಲ್ಲಿ ಕೂಗಿದ, “ನೀರಾ! ಹ್ಯಾಲಾ ನೀರಾ ಪಾಹಿಜೆ!”

ಅಂಗಳವೆಲ್ಲ ನಕ್ಕಿತು. ಲೈಟು ಹಿಡಿದವರು ನಕ್ಕರು, ಲೋಕನಾಥರು ಹೊಟ್ಟೆ ಹಿಡಿದುಕೊಂಡು ನಕ್ಕರು, ಇಂದೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಭುಜಂಗನಿಗೆ ಕಿವಿಯಲ್ಲಿ ಆ ಮಳೆಗಾಲ ಸುರಿಯತೊಡಗಿತು. ಇನ್ನೇನು ಮುಗಿಯಿತು ಎಂದುಕೊಂಡ.

ಸೀಟಿಯವನೊಬ್ಬನೇ ನಗಲಿಲ್ಲ. “ನಿನ್ನಿಂದ ಆಗೋದಿಲ್ಲ. ಆಫೀಸಿನ ಜವಾನನನ್ನು ಚಹಾ ಕೇಳಿದ ಹಾಗೆ ಹೇಳ್ತೀಯಲ್ಲೋ. ನೀನು ಹುಚ್ಚನಲ್ಲ.”

“ಏನಂದಿರಿ?”

“ಹುಚ್ಚನಲ್ಲ ಅಂದೆ. ಎದ್ದೇಳು. ಕೋಟು ಹಾಕಿಕೊಂಡು ಬಲಗಡೆ ಹೋಗು. ಚಷ್ಮಾ ಇದೆ, ಡಾಕ್ಟರನಾಗು.”

ಭುಜಂಗ ಎದ್ದ. ಹೆದರಿಕೆಯಿಂದಲ್ಲ, ಸಂತೋಷದಿಂದ. ದವಾಖಾನೆಯ ದೊಡ್ಡ ಡಾಕ್ಟರು ಬಿಡುಗಡೆಯ ದಿನ ‘ಕೆಲಸಕ್ಕೆ ಹೋಗಲು ಅಡ್ಡಿಯಿಲ್ಲ’ ಎಂದಿದ್ದರೇ ಹೊರತು ಇಷ್ಟು ನೇರವಾಗಿ ಹೇಳಿರಲಿಲ್ಲ. ಕೊರಳಲ್ಲಿ ಸೀಟಿ ಕಟ್ಟಿಕೊಂಡವನು ನಾಲ್ಕು ಜನರ ಎದುರಿಗೆ ಹೇಳಿಬಿಟ್ಟ. ಹುಚ್ಚರ ಪರೀಕ್ಷೆಯಲ್ಲಿ ತಾನು ನಪಾಸಾಗಿದ್ದೇನೆ. ಮೂರು ವರ್ಷ ಬೆನ್ನಿನ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿದ ಹಾಗಾಯಿತು. ಬಿಳಿ ಕೋಟು ಭುಜಕ್ಕೆ ಸರಿಯಾಗಿ ಕೂತಿತು.

ಊಟದ ಹೊತ್ತಿಗೆ ಹಸಿವೋ ಹಸಿವು. ಲೋಕನಾಥರು ಬಡಿಸಿದ್ದನ್ನೆಲ್ಲ ತಿಂದ. ಇಂದೂ ಎದುರಿಗೆ ಮರದ ಪೆಟ್ಟಿಗೆಯೊಂದರ ಮೇಲೆ ಕೂತಿದ್ದಳು.

“ಹುಚ್ಚರಂಗ ಮಾಡ್ಲಿಕ್ಕೂ ಬರೂದಿಲ್ಲಲ್ರೀ ನಿಮಗ,” ಎಂದು ಕೀಟಲೆ ಮಾಡಿದಳು.

“ಬರೂದಿಲ್ಲ,” ಎಂದ. ಇಷ್ಟು ಹೆಮ್ಮೆಯಿಂದ ತನ್ನ ದಡ್ಡತನವನ್ನು ಅವನು ಎಂದೂ ಒಪ್ಪಿಕೊಂಡಿರಲಿಲ್ಲ.

“ಖರೇ ಹುಚ್ಚರು ಹಿಂಗ ಇರ್ತಾರೇನ್ರಿ? ಪಾತೇಲಿ ಗೀತೇಲಿ ಹಾಕ್ಕೊಂಡು?”

“ನಾ ಎಲ್ಲೆ ನೋಡೇನಿ?”

“ಅಲ್ಲಾ, ಕಲ್ತವರು ನೀವು, ಅದಕ್ಕ ಕೇಳ್ದೆ.” ಅವಳು ತಟ್ಟೆಯಲ್ಲಿ ಬೆರಳಾಡಿಸಿದಳು. “ನಮ್ಮ ಓಣ್ಯಾಗ ಬಸವಣ್ಣೆವ್ವ ಅಂತ ಒಬ್ಬಾಕಿ ಇದ್ಲು. ಕುಣೀಲಿಲ್ಲ, ಕೂಗ್ಲಿಲ್ಲ. ಸುಮ್ಮ ಕಟ್ಟೀ ಮ್ಯಾಲೆ ಕೂತಿರ್ತಿದ್ಲು. ಮುಂಜಾನೆ ನೀವು ಕೂತಿದ್ರೆಲ್ಲಾ, ಥೇಟ ಹಂಗ. ಒಂದು ಗಳಿಗಿ ನನಗ ಹೆದರಿಕಿ ಆತು ನೋಡ್ರಿ.”

ಭುಜಂಗನ ಕೈಯ ತುತ್ತು ಅರ್ಧಕ್ಕೇ ನಿಂತಿತು. ಇಡೀ ಅಂಗಳದಲ್ಲಿ ಇವಳೊಬ್ಬಳೇ ಅದನ್ನು ಕಂಡಿದ್ದಳು. ಬಾಗಿಲನ್ನು ಅವಳೇ ತೆರೆದಿಟ್ಟಿದ್ದಳು. ಒಂದು ವಾಕ್ಯ ಸಾಕು. ಅವಳ ಕಣ್ಣಲ್ಲಿ ನಗುವೂ ಇರಲಿಲ್ಲ, ಸಂಶಯವೂ ಇರಲಿಲ್ಲ. ಕಾಯುತ್ತಿದ್ದಳು, ಅಷ್ಟೇ.

“ಇಂದೂ, ಒಂದು ಮಾತು ಹೇಳೂದಿತ್ತು.”

“ಹೇಳ್ರಿ.”

“ಅದು ಆ್ಯಕ್ಟಿಂಗು.”

“ಆ್ಯಕ್ಟಿಂಗ?”

“ಹೂಂ.”

“ಹಂಗಾರ ಅವ್ರದ ತಪ್ಪು,” ಎಂದಳು ಇಂದೂ ತಟ್ಟೆ ಕೆಳಗಿಡುತ್ತ. “ನೀವು ಭಾಳ ಛಲೋ ಮಾಡಿದ್ರಿ.”

ಸೀಟಿ ಕೂಗಿತು. ಭುಜಂಗ ಕೃತಜ್ಞತೆಯಿಂದ ಎದ್ದು ಓಡಿದ.

ಮಧ್ಯಾಹ್ನದ ಶಾಟಿನಲ್ಲಿ ಅವನಿಗೆ ಒಂದೇ ಕೆಲಸ. ಹೀರೋ ಹೀರೊಯಿನ್ನು ಕೈ ಹಿಡಿದುಕೊಂಡು ವಾರ್ಡಿನಿಂದ ಓಡಿಹೋಗುತ್ತಾರೆ, ಹಿಂದೆಯೇ ಹುಚ್ಚರು ಬ್ಯಾಂಡು ಬಾರಿಸುತ್ತ ಬರುತ್ತಾರೆ. ಪ್ರೇಮಿಗಳು ದಾಟಿದ ಕೂಡಲೇ ಡಾಕ್ಟರು ಸರಳಿನ ಬಾಗಿಲು ಮುಚ್ಚಬೇಕು. ಹುಚ್ಚರು ಒಳಗೆ ಉಳಿಯಬೇಕು. ಮೊದಲ ಸಲ ಭುಜಂಗ ತಡಮಾಡಿದ. ಎರಡನೆಯ ಸಲ ಸರಿಯಾಗಿ ಮುಚ್ಚಿದ. ಆಮೇಲೆ ಹೀರೊಯಿನ್ನಿನ ಕೂದಲು ಕೆದರಿತು, ಆಮೇಲೆ ಮೋಡ ಅಡ್ಡ ಬಂತು. ಮತ್ತೆ ಮತ್ತೆ ಮುಚ್ಚಿದ. ಮುಚ್ಚಿ ಮುಚ್ಚಿ ಕೈ ಪಳಗಿತು. ಪಾತೇಲಿಯವನ ಮೂಗು ಸರಳಿಗೆ ತಾಗಿದಾಗ ಸೀಟಿಯವನು “ಶಾಬಾಸ್ ಡಾಕ್ಟರ್!” ಎಂದ. ಸರಳುಗಳು ಮರದವು. ಕರಿ ಬಣ್ಣ ಅಂಗೈಗೆ ಮೆತ್ತಿಕೊಂಡಿತು.

ಪ್ಯಾಕಪ್ ಆದಾಗ ಬಿಸಿಲು ಇಳಿದಿತ್ತು. ಹುಚ್ಚರು ಪಟ್ಟಿಯಂಗಿ ಕಳಚಿ ಬೀಡಿ ಹಚ್ಚಿದರು. ಲೋಕನಾಥರು ಪಾತ್ರೆಗಳನ್ನು ಮೆಟಡೋರಿಗೆ ಏರಿಸುತ್ತಿದ್ದರು. ಭುಜಂಗನಿಗೆ ಕೋಟು ಬಿಚ್ಚುವ ಮನಸ್ಸಾಗಲಿಲ್ಲ.

ಇಂದೂ ಹತ್ತಿರ ಬಂದಳು. “ಏನೋ ಹೇಳೂದಿತ್ತು ಅಂದಿದ್ರಿ. ಅದಷ್ಟ ಏನು?”

“ಅಷ್ಟ.”

“ಮತ್ತೇನಿಲ್ಲ?”

“ಏನಿಲ್ಲ. ನೀರಡಿಕಿ ಆಗ್ಯದ, ತಡೀರಿ.”

ಹಗುರಾಗಿತ್ತು. ನಿಜವಾಗಿಯೂ ಹಗುರಾಗಿತ್ತು. ಹೇಳುವ ಅಗತ್ಯವೇ ಉಳಿದಿಲ್ಲ, ಆಗದೇ ಇದ್ದದ್ದನ್ನು ಏನೆಂದು ಹೇಳುವುದು ಎಂದುಕೊಳ್ಳುತ್ತ ಗೋಡೆಯ ನಲ್ಲಿಯ ಕಡೆ ನಡೆದ. ಬಗ್ಗಿ, ಒಂದು ಕೈ ಒಡ್ಡಿ, ಇನ್ನೊಂದರಿಂದ ತಿರುಗಿಸಿದ. ನಲ್ಲಿ ಸಲೀಸಾಗಿ ತಿರುಗಿತು. ಇನ್ನೊಂದು ಸುತ್ತು ತಿರುಗಿಸಿದ. ತಿರುಗುತ್ತಲೇ ಇತ್ತು. ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದ. ನಲ್ಲಿಯ ಹಿಂದೆ ಪೈಪಿರಲಿಲ್ಲ.

ಹಿಂದಿನಿಂದ ಯಾರೋ “ಸರೀರಿ ಡಾಕ್ಟರ್‌ಸಾಬ್” ಎಂದರು. ಇಬ್ಬರು ಕೂಲಿಯವರು ಗೋಡೆಯನ್ನು ಎರಡೂ ತುದಿಗೆ ಹಿಡಿದು ಎತ್ತಿದರು. ನಲ್ಲಿಯ ಸಮೇತ ಹೊತ್ತುಕೊಂಡು ಹೋದರು. ಗೋಡೆಯಿದ್ದಲ್ಲಿ ನಿಗಡಿಯ ಬಯಲು ಒಣಹುಲ್ಲಿನೊಂದಿಗೆ ಆಕಾಶದ ತನಕ ಬಿದ್ದಿತ್ತು.

ಭುಜಂಗನಿಗೆ ನಗು ಬಂತು. ತಡೆಯಲಿಲ್ಲ. ಎಲ್ಲರ ಹಾಗೆ, ಜೋರಾಗಿ, ನಿರಾಳವಾಗಿ ನಕ್ಕ. ನಗುತ್ತಲೇ ತಿರುಗಿ ನೋಡಿದ.

ಈ ಸಲ ಇಂದೂ ನಗುತ್ತಿರಲಿಲ್ಲ. ಅವನ ಕೈಗಳನ್ನು ನೋಡುತ್ತಿದ್ದಳು. ಕಪ್ಪು ಬಣ್ಣ ಮೆತ್ತಿದ ಬೊಗಸೆ, ಮುಂಜಾನೆಯಂತೆಯೇ ಎರಡೂ ಹೆಬ್ಬೆರಳು ಜೋಡಿಸಿಕೊಂಡು, ನಲ್ಲಿಯಿಲ್ಲದ ಗಾಳಿಯಲ್ಲಿ ಇನ್ನೂ ಒಡ್ಡಿಕೊಂಡೇ ಇತ್ತು.